ಭಾಮಿನಿ ಷಟ್ಪದಿ ಕಟ್ಟುವಾಗ

ಪದ್ಯವನ್ನು ನಾನು ಮೊದಲು ಬಾಯಲ್ಲಿ ಕಟ್ಟುತ್ತೇನೆ, ಆಮೇಲೆ ಹಾಳೆಗೆ ಇಳಿಸುತ್ತೇನೆ. ಕುಮಾರವ್ಯಾಸನ ಭಾರತವನ್ನು ಓದು ಬಾರದವರೂ ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ಬಾಯಿಂದ ಕೇಳಿ ಪದ್ಯಗಟ್ಟಲೆ ನೆನಪಿಟ್ಟುಕೊಂಡಿದ್ದರು. ಅಷ್ಟು ದೂರ ಅದನ್ನು ಹೊತ್ತು ತಂದದ್ದು ಅದರ ಛಂದಸ್ಸಾದ ಭಾಮಿನಿ ಷಟ್ಪದಿಯ ನಡೆ. ಕವಿತೆ ಯಾಕೆ ಬೇಕು ಅಂದರೆ ನನಗೆ ಮೊದಲು ನೆನಪಾಗುವುದು ಇದೇ.

ಲೆಕ್ಕ ಸರಳ. ಆರು ಸಾಲು. 1, 2, 4, 5ನೇ ಸಾಲಿಗೆ 3+4+3+4, ಒಟ್ಟು 14 ಮಾತ್ರೆ (ಒಂದು ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ). 3 ಮತ್ತು 6ನೇ ಸಾಲಿಗೆ 3+4 ಮೂರು ಸಲ, ಕೊನೆಗೊಂದು ಗುರು, ಒಟ್ಟು 23. ದೀರ್ಘ, ಅನುಸ್ವಾರ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು, ಎರಡು ಮಾತ್ರೆ; ಉಳಿದವು ಲಘು, ಒಂದು ಮಾತ್ರೆ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ನೀರು ಬಂದ ದಿನ ಮಂಡ್ಯದ ಗದ್ದೆ ಬಯಲಿನ ಮೇಲೆ ಹೀಗೆ ಶುರು ಮಾಡಬಹುದು:

ನಾಲೆ ತುಂಬಿತು ಕಬ್ಬು ತೂಗಿತು
ಕಾಲು ದಾರಿಯ ಮಣ್ಣು ನೆನೆಯಿತು

'ನಾಲೆ' ಮೂರು, 'ತುಂಬಿತು' ನಾಲ್ಕು, 'ಕಬ್ಬು' ಮೂರು, 'ತೂಗಿತು' ನಾಲ್ಕು. 'ತುಂಬಿತು ನಾಲೆ' ಅಂತ ತಿರುಗಿಸಿದರೂ ಮೊತ್ತ ಏಳೇ, ಆದರೆ ನಡೆ ಮುಗ್ಗರಿಸುತ್ತದೆ. ಬೆರಳೆಣಿಕೆಯಲ್ಲಿ ಈ ತಪ್ಪು ಸಿಗುವುದಿಲ್ಲ, ತೊಡೆ ತಟ್ಟಿ ಹೇಳಿದರೆ ತಕ್ಷಣ ಸಿಗುತ್ತದೆ.

ಹೆಚ್ಚು ಜನ ಸೋಲುವುದು ಪ್ರಾಸದಲ್ಲಿ. ಆರೂ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಮೊದಲ ಅಕ್ಷರ ಗುರುವಾದರೆ ಎಲ್ಲ ಕಡೆ ಗುರುವೇ. 'ನಾಲೆ'ಗೆ 'ಬೇಲಿ', 'ಕೂಲಿ', 'ಹಾಲು' ಹೊಂದುತ್ತವೆ. 'ಮಲೆ' ಹೊಂದದು, ಅದರ ಮೊದಲಕ್ಷರ ಲಘು. 'ಕಲ್ಲು' ಕೂಡ ಬೇಡ, ಅಲ್ಲಿರುವುದು ದ್ವಿತ್ವ, ಅಂದರೆ ಲಕಾರಕ್ಕೆ ಲಕಾರದ್ದೇ ಒತ್ತು. ಹಾಗಾಗಿ ಮೊದಲ ಸಾಲು ಗಟ್ಟಿಯಾಗುವ ಮುಂಚೆಯೇ ಹತ್ತು ಹನ್ನೆರಡು ಪದ ಬರೆದಿಟ್ಟುಕೊಳ್ಳುತ್ತೇನೆ. ಅಷ್ಟು ಸಿಗದಿದ್ದರೆ ಅಕ್ಷರವನ್ನೇ ಬದಲಿಸುತ್ತೇನೆ. ಐದನೇ ಸಾಲಿಗೆ ಬಂದು ಒದ್ದಾಡುವುದಕ್ಕಿಂತ ಅದು ಮೇಲು.

ಮೂರನೇ ಸಾಲಿನ ಕೊನೆಯ ಗುರುವಿಗಾಗಿ 'ತಾ' ತುರುಕುವ ಚಟ ಎಲ್ಲರಿಗೂ ಇದೆ:

ಸಾಲು ಮರಗಳ ನೆರಳಿನಡಿಯಲಿ ಹಸುವು ನಿಂತಿತು ತಾ

ಮಾತ್ರೆ 23 ಸರಿ, ಆದರೆ 'ತಾ' ಏನೂ ಹೇಳುತ್ತಿಲ್ಲ. 'ಹಸುವು ಮೆಲುಕಾಡೆ' ಅಂದರೆ ಸಾಲಿನ ಕೊನೆಯ ಲಘು ಗುರುವಾಗಿ ಲೆಕ್ಕಕ್ಕೆ ಬರುತ್ತದೆ, ಹಸುವಿಗೂ ಜೀವ ಬರುತ್ತದೆ. ವಾಕ್ಯ ಮುಗಿಯದೆ ನಾಲ್ಕನೇ ಸಾಲಿಗೆ ಹರಿಯುತ್ತದೆ.

ಆರೂ ಸಾಲು ಆದ ಮೇಲೆ ಗಣ (3, 4 ಮಾತ್ರೆಯ ಗುಂಪು) ವಿಭಾಗದ ಗೆರೆಯಿಲ್ಲದ ಪ್ರತಿಯನ್ನು ಬೇರೆಯವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತೇನೆ. ಅವರು ತಡೆದು ನಿಂತ ಪದಕ್ಕೆ ಸುತ್ತು ಹಾಕಿ, ಮತ್ತೆ ಅಲ್ಲಿಂದ ತಿದ್ದಲು ಕೂರುತ್ತೇನೆ.