ಚಕ್ಕುಬಂದಿ ಇಲ್ಲದ ಪಾಲು: ನನ್ನ ಟೈಮ್‌ಶೇರ್ ಅನುಭವ

2016ರಲ್ಲಿ ರಾಯಚೂರಿನ ಒಂದು ಹೋಟೆಲ್‌ಗೆ ಕರೆದು, ಊಟ ಹಾಕಿಸಿ, ಗಂಡ ಹೆಂಡತಿ ಇಬ್ಬರನ್ನೂ ಮೂರು ತಾಸು ಕೂರಿಸಿಕೊಂಡು ನಮಗೆ ಟೈಮ್‌ಶೇರ್, ಅಂದರೆ ರೆಸಾರ್ಟ್‌ನಲ್ಲಿ ಪ್ರತಿ ವರ್ಷ ಕೆಲವು ದಿನ ತಂಗುವ ಹಕ್ಕು, ಮಾರಿದರು. ರಜೆ ಸೀಸನ್ನಿನಲ್ಲಿ ವರ್ಷಕ್ಕೆ 7 ರಾತ್ರಿ, 25 ವರ್ಷ. ‘ರೆಸಾರ್ಟ್‌ನಲ್ಲಿ ನಿಮ್ಮದೂ ಒಂದು ಪಾಲು ಸರ್’ ಅಂದರು. ಆ ಪಾಲು ಅನ್ನೋ ಮಾತಿಗೇ ನಾನು ಬಿದ್ದದ್ದು.

ಕಳೆದ ವರ್ಷ ಮತ್ತೆ ಫೋನ್. ವಾರದ ಸ್ಕೀಮ್ ಬಿಟ್ಟು, ಪ್ರತಿ ರಾತ್ರಿಗೆ ಇಷ್ಟು ಪಾಯಿಂಟ್ ಅಂತ ಕಳೆಯುವ ಪಾಯಿಂಟ್ಸ್ ಸ್ಕೀಮ್‌ಗೆ ಬನ್ನಿ, 1,10,000 ಕಟ್ಟಿದರೆ ಸಾಕು, ಇಲ್ಲದಿದ್ದರೆ ಮುಂದೆ ರೂಮ್ ಸಿಗೋದು ಕಷ್ಟ ಅಂತ. ಆಗಲೇ ನಾನು ಅಗ್ರಿಮೆಂಟನ್ನು ಬೀರುವಿನಿಂದ ಹೊರಗೆ ತೆಗೆದದ್ದು. ನಮ್ಮ ಮಾವ ಆಸ್ತಿ ಪತ್ರ ಬರಹಗಾರರು. ಅವರು ಮೊದಲ ಪುಟ ನೋಡಲೇ ಇಲ್ಲ, ಸೀದಾ ಕೊನೆಗೆ ಹೋಗಿ, ‘ಚಕ್ಕುಬಂದಿ ಎಲ್ಲೈತ್ರಿ ಅಳಿಯಂದ್ರ?’ ಅಂದರು. ಚಕ್ಕುಬಂದಿ ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿ. ಪೂರ್ವಕ್ಕೆ ಯಾರ ಜಾಗ, ಪಶ್ಚಿಮಕ್ಕೆ ಏನು, ಒಂದೂ ಇಲ್ಲ. ನೋಂದಣಿಯೂ ಆಗಿಲ್ಲ. ನನಗೆ ಸಿಕ್ಕಿದ್ದು ಬರೀ ಬಳಸುವ ಹಕ್ಕು, 25 ವರ್ಷ ಮುಗಿದರೆ ಅದೂ ಇಲ್ಲ. ಹೋಗಲಿ ಬಿಡಲಿ, ಮೇಂಟೆನೆನ್ಸ್ ಮಾತ್ರ ಕಟ್ಟಲೇಬೇಕು: ವರ್ಷಕ್ಕೆ 14,000, ಮೇಲೆ ಶೇ 18 ಜಿಎಸ್‌ಟಿ, ಅಂದರೆ 16,520. ಕಟ್ಟದಿದ್ದರೆ ಬುಕಿಂಗ್ ಬಂದ್.

ಮಾನ್ವಿ ಕಡೆ ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ವಾರಬಂದಿಯಲ್ಲಿ, ಅಂದರೆ ಸರದಿ ಮೇಲೆ ನೀರು ಬಿಡುವ ಪದ್ಧತಿಯಲ್ಲಿ, ನಮ್ಮ ಪಾಳಿ ಅಂತ ಕಾಗದದಲ್ಲಿ ಇರುತ್ತೆ, ಕಾಲುವೆಯಲ್ಲಿ ನೀರಿನ ಗೇಜ್ (ಮಟ್ಟ) ಬರಬೇಕಲ್ವಾ? ಇದೂ ಹಾಗೇ. ಆದರೂ ವಾರದ ಸ್ಕೀಮಿನಲ್ಲಿ ಪಾಳಿ ಅನ್ನೋದಾದರೂ ಇದೆ.

ಪಾಯಿಂಟ್ಸ್‌ನಲ್ಲಿ ಏನಿದೆ ಅಂತ ಅವರ ಪಟ್ಟಿ ತರಿಸಿಕೊಂಡು ಕ್ಯಾಲ್ಕುಲೇಟರ್ ಹಿಡಿದು ಕೂತೆ. ನನಗೆ ಕೊಡೋದು ವರ್ಷಕ್ಕೆ 1,000 ಪಾಯಿಂಟ್. ದಸರಾ ರಜೆಗೆ ಮಡಿಕೇರಿಯಲ್ಲಿ ಸಾದಾ ದಿನದ ರಾತ್ರಿಗೆ 160, ಶುಕ್ರವಾರ ಶನಿವಾರಕ್ಕೆ 260. ಐದು ರಾತ್ರಿಗೆ 800, ಎರಡಕ್ಕೆ 520, ಒಟ್ಟು 1,320. ಅಂದರೆ ಈಗ ಸಿಗುತ್ತಿರುವ 7 ರಾತ್ರಿಯೇ ಸಿಗಲ್ಲ, ಅದಕ್ಕೆ ನಾನೇ ಲಕ್ಷ ಕೊಡಬೇಕು! ಮಳೆಗಾಲದ ಸೋಮವಾರ ಮಂಗಳವಾರ ಹೋಗೋರಿಗೆ ಲಾಭ ಇದೆ, ಸುಳ್ಳು ಹೇಳಲ್ಲ. ಶಾಲೆಗೆ ಹೋಗೋ ಮಕ್ಕಳಿರುವ ನಮ್ಮಂಥವರಿಗಲ್ಲ. ಇನ್ನೊಂದು ಸಾಲು ಸಣ್ಣ ಅಕ್ಷರದಲ್ಲಿತ್ತು: ಪಾಯಿಂಟ್ ಪಟ್ಟಿಯನ್ನು ಕಾಲಕಾಲಕ್ಕೆ ಬದಲಿಸುವ ಹಕ್ಕು ಕಂಪನಿಗೆ ಇದೆ. ಇವತ್ತು 160 ಇದ್ದದ್ದು ನಾಳೆ 200 ಆದರೆ ಕೇಳೋ ಹಾಗಿಲ್ಲ.

ಫೋನ್ ಮಾತು ಬಿಟ್ಟು ಇಮೇಲ್ ಹಾಕಿದೆ. ನಾನು ಬದಲಾಗದಿದ್ದರೆ ನನ್ನ ಈಗಿನ ಹಕ್ಕಿನಲ್ಲಿ ಏನು ಕಮ್ಮಿಯಾಗುತ್ತೆ, ಯಾವ ಷರತ್ತಿನ ಪ್ರಕಾರ? ಬದಲಾದರೆ ಹಳೇ ಅಗ್ರಿಮೆಂಟ್ ರದ್ದಾಗುತ್ತಾ? ಉಳಿದ ವರ್ಷಗಳು ಎಷ್ಟು? ರೂಮ್ ಸಿಗಲ್ಲ ಅಂತ ಬಾಯಲ್ಲಿ ಹೇಳಿದವರು ಬರವಣಿಗೆಯಲ್ಲಿ ಕೊಡಲಿಲ್ಲ. ಎರಡು ಸಲ ನೆನಪಿಸಿದ ಮೇಲೆ ಬಂದದ್ದು ಒಂದೇ ಸಾಲು: ಬದಲಾವಣೆ ನಿಮ್ಮ ಇಷ್ಟ, ಹಳೇ ಸದಸ್ಯತ್ವ ಹಾಗೇ ಮುಂದುವರಿಯುತ್ತದೆ.

ಆ ಮೇಲ್ ಪ್ರಿಂಟ್ ತೆಗೆದು ಅಗ್ರಿಮೆಂಟ್ ಜೊತೆಗೇ ಇಟ್ಟಿದ್ದೇನೆ. ತಕರಾರು ಬಂದರೆ ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸ ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆದರೆ ತೊಂದರೆಯಾದ ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ನಮ್ಮ ಅಗ್ರಿಮೆಂಟ್ ಪ್ರಕಾರ ಬುಕಿಂಗ್ ತೆರೆಯೋದು 120 ದಿನ ಮೊದಲು. ಈ ಸಲ ಆ ದಿನ ಬೆಳಗ್ಗೆ ಚಹಾ ಕುಡಿಯೋಕೂ ಮುಂಚೆ ಕೂತು ದಸರಾಕ್ಕೆ ಏಳೂ ರಾತ್ರಿ ಹಿಡಿದೆ. ಮಾವನೂ ಬಂದಿದ್ದರು. ರೂಮಿನ ಬಾಲ್ಕನಿಯಲ್ಲಿ ನಿಂತು, ‘ಪೂರ್ವಕ್ಕ ಕಾಫಿ ತ್ವಾಟ’ ಅಂತ ನಕ್ಕರು.