ಪೇಜ್ ನೋಡಿ ಹೋಗುವವರು ಕೊಳ್ಳುವಂತಾಗಲು ಏನು ಮಾಡಬೇಕು?

ನಾನು ಸೋಪು, ಲಿಪ್ ಬಾಮ್, ಮುಖಕ್ಕೆ ಹಚ್ಚುವ ಎಣ್ಣೆ ಇವನ್ನೆಲ್ಲ ಕೈಯಾರೆ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಇದೇ ಕೆಲಸ ಮಾಡುವವರು ನನ್ನನ್ನು ಜಾಸ್ತಿ ಕೇಳುವುದು ಒಂದೇ ಮಾತು: "ಜನ ಬರ್ತಾರೆ, ನೋಡ್ತಾರೆ, ಹಾಗೇ ಹೋಗ್ತಾರೆ. ಏನ್ ಮಾಡ್ಲಿ?" ತಕ್ಷಣ ಡಿಸ್ಕೌಂಟ್ ಹಾಕಬೇಡಿ. ಜಾಹೀರಾತಿಗೂ ದುಡ್ಡು ಸುರಿಯಬೇಡಿ. ಮೊದಲು ನಿಮ್ಮ ಅಂಗಡಿಯನ್ನು ನಿಮ್ಮದೇ ಫೋನಿನಲ್ಲಿ, ಗೊತ್ತಿಲ್ಲದವರ ಹಾಗೆ ತೆರೆದು ನೋಡಿ.

ಇದು ಮೈಗೆ ಹಚ್ಚಿಕೊಳ್ಳುವ ವಸ್ತು. ಎದುರಿಗಿದ್ದರೆ ಗಿರಾಕಿ ಮೂಸಿ ನೋಡುತ್ತಾರೆ, ಕೈಗೆ ಸವರಿ ನೋಡುತ್ತಾರೆ. ಫೋನಿನಲ್ಲಿ ಅದಾಗುವುದಿಲ್ಲ ಅಲ್ವಾ? ಹಾಗಾಗಿ ಕೈ, ಮೂಗು ಕೇಳುವ ಪ್ರಶ್ನೆಗಳಿಗೆಲ್ಲ ಪೇಜ್ ಉತ್ತರ ಕೊಡಬೇಕು.

ಫೋಟೊ ಕಿಟಕಿ ಬೆಳಕಿನಲ್ಲಿ ತೆಗೆಯಿರಿ. ಸೋಪನ್ನು ಅಂಗೈ ಮೇಲಿಟ್ಟು ಒಂದು, ಗಾತ್ರ ಗೊತ್ತಾಗಲಿ. ನೊರೆ ಬಂದಾಗ ಒಂದು. ಬಾಮ್ ಆದರೆ ಚರ್ಮದ ಮೇಲೆ ಸವರಿದ್ದು ಒಂದು. ಸುತ್ತ ಹೂವು ಸುರಿದು ತೆಗೆದ ಚಿತ್ರ ಚೆಂದವೇ, ಆದರೆ ಅದರಿಂದ ಸೋಪಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಇನ್ನು ಬರವಣಿಗೆ. ನನ್ನ ಪ್ರಕಾರ ಮಾರಾಟ ಕೈತಪ್ಪುವುದು ಹೆಚ್ಚಾಗಿ ಇಲ್ಲೇ. "ಶುದ್ಧ, ನೈಸರ್ಗಿಕ, ಕೆಮಿಕಲ್ ಇಲ್ಲದ ಲ್ಯಾವೆಂಡರ್ ಸೋಪ್" ಅಂತ ಎಲ್ಲರೂ ಬರೆಯುತ್ತಾರೆ. ಅದು ನಿಜವೂ ಅಲ್ಲ. ಎಣ್ಣೆ ಗಟ್ಟಿ ಸೋಪಾಗಬೇಕಾದರೆ ಕಾಸ್ಟಿಕ್ ಸೋಡಾ ಬೇಕೇ ಬೇಕು. ಅಳತೆ ಸರಿಯಿದ್ದರೆ ಅದೆಲ್ಲ ಎಣ್ಣೆಯ ಜೊತೆ ಸೇರಿ ಸೋಪು, ಗ್ಲಿಸರಿನ್ ಆಗಿಬಿಡುತ್ತದೆ. ಇದನ್ನೇ ನೇರವಾಗಿ ಹೇಳಿ, ತಿಳಿದವರು ನಂಬುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ: "ತೆಂಗಿನೆಣ್ಣೆ, ಆಲಿವ್ ಎಣ್ಣೆ, ಶಿಯಾ ಬೆಣ್ಣೆಯಿಂದ ಮಾಡಿದ್ದು. ಆರು ವಾರ ಒಣಗಿಸಿದ್ದು, ಅದಕ್ಕೇ ಬೇಗ ಕರಗುವುದಿಲ್ಲ. ನೊರೆ ದಟ್ಟ, ದೊಡ್ಡ ಗುಳ್ಳೆ ಕಡಿಮೆ. ಪರಿಮಳ ತೆಳು, ಸ್ನಾನದ ಮನೆಯಿಂದ ಹೊರಗೆ ಬಂದಮೇಲೆ ಉಳಿಯುವುದಿಲ್ಲ." ಕೊನೆಯ ಮಾತು ಕೇಳಿ ಗಾಢ ಪರಿಮಳ ಬೇಕೆನ್ನುವವರು ಹೋಗಬಹುದು. ಹೋಗಲಿ. ತೆಳು ಪರಿಮಳ ಹುಡುಕುತ್ತಿರುವವರಿಗೆ ಇದು ತಮಗಾಗಿಯೇ ಮಾಡಿದ್ದು ಅನಿಸುತ್ತದೆ.

"ಮೊಡವೆ ವಾಸಿಯಾಗುತ್ತದೆ", "ಇಸುಬು ಹೋಗುತ್ತದೆ" ಅಂತ ಮಾತ್ರ ಬರೆಯಲೇಬೇಡಿ. ಹೀಗೆ ಹೇಳಿದರೆ ಬಹಳಷ್ಟು ದೇಶಗಳ ಕಾನೂನಿನಲ್ಲಿ ನಿಮ್ಮ ಸೋಪು ಔಷಧಿಯ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ನೋವಿನಲ್ಲಿರುವವರಿಗೆ ಸುಮ್ನೆ ಆಸೆ ಹುಟ್ಟಿಸಬಾರದು.

ಹಾಕಿದ ಸಾಮಗ್ರಿ ಅಷ್ಟನ್ನೂ ಪೇಜಿನಲ್ಲೇ ಬರೆಯಿರಿ. ಬಾದಾಮಿ ಎಣ್ಣೆ ಇದ್ದರೆ ಎದ್ದು ಕಾಣಲಿ, ಅದು ಆಗದವರಿದ್ದಾರೆ. ನೀರು ಸೇರಿಸಿದ ಕ್ರೀಮಿನಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತದೆ, ಆದ್ದರಿಂದ ಕೆಡದಂತೆ ಏನು ಹಾಕಿದ್ದೀರಿ ಅಂತ ಹೆಸರಿಟ್ಟು ಹೇಳಿ. ಮುಚ್ಚಳ ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು, ಮೊದಲ ಸಲ ಮೊಣಕೈ ಒಳಮಡಿಕೆಗೆ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾಯಬೇಕು ಅನ್ನುವುದೂ ಇರಲಿ. ಹೆದರಿ ಓಡಿಹೋಗುತ್ತಾರೆ ಅಂದುಕೊಳ್ಳಬೇಡಿ. ಕಾಳಜಿಯಿಂದ ಹೇಳುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗುತ್ತದೆ.

ಸಾಗಣೆ ಖರ್ಚನ್ನು ಬೆಲೆಯ ಪಕ್ಕದಲ್ಲೇ ತೋರಿಸಿ. ಕಾರ್ಟ್ ತುಂಬಿಸಿ, ವಿಳಾಸ ಬರೆದ ಮೇಲೆ ದಿಢೀರನೆ ಮೊತ್ತ ಏರಿದರೆ ಯಾರಿಗಾದರೂ ಬೇಜಾರಾಗುತ್ತದೆ. ಖಾತೆ ತೆರೆಯದೆಯೂ ಕೊಳ್ಳಲು ಬಿಡಿ. ಕಾರ್ಟ್ ಬಿಟ್ಟು ಹೋದವರಿಗೆ, ಅವರು ಒಪ್ಪಿದ್ದರೆ, ಒಂದು ಮೇಲ್ ಸಾಕು.

ಹೊಸಬರು ಪೂರ್ತಿ ಸೋಪಿಗೆ ದುಡ್ಡು ಹಾಕಲು ಹಿಂಜರಿಯುತ್ತಾರೆ. ಅವರಿಗೆ ಮೂರ್ನಾಲ್ಕು ಪುಟ್ಟ ತುಂಡುಗಳ ಸ್ಯಾಂಪಲ್ ಕಟ್ಟು ಇಡಿ. ಪುಕ್ಕಟೆ ಬೇಡ, ನಿಮ್ಮ ದುಡಿಮೆಗೂ ಬೆಲೆಯಿದೆ.

ರಿವ್ಯೂ ಪಾರ್ಸೆಲ್ ತಲುಪಿದ ದಿನವೇ ಕೇಳಬೇಡಿ. ಎರಡು ಮೂರು ವಾರ ಬಳಸಲಿ. ಆಮೇಲೆ "ನಿಮ್ಮದು ಒಣ ಚರ್ಮವೋ ಎಣ್ಣೆ ಚರ್ಮವೋ, ಬಳಸಿದ ಮೇಲೆ ಹೇಗನಿಸಿತು?" ಅಂತ ಕೇಳಿ. ತನ್ನಂಥದೇ ಚರ್ಮದವರು ಬರೆದ ಎರಡು ಸಾಲು ಓದುವವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಚಿಕ್ಕ ಅಂಗಡಿಗೆ ಬರುವವರ ಸಂಖ್ಯೆ ಕಡಿಮೆ, ಅಂಕಿಅಂಶ ನೋಡಿ ತೀರ್ಮಾನಿಸುವುದು ಕಷ್ಟ. ಅದರ ಬದಲು ಬರುವ ಮೆಸೇಜ್‌ಗಳನ್ನು ಗಮನಿಸಿ. "ಈ ಎಣ್ಣೆ ರಾತ್ರಿ ದಿಂಬಿಗೆ ಅಂಟುತ್ತಾ?" ಅಂತ ಇಬ್ಬರು ಕೇಳಿದರೆ, ಕೇಳದೆ ಹೋದವರೂ ಇದ್ದಾರೆ ಅಂತಲೇ ಅರ್ಥ. ಅವತ್ತೇ ಪೇಜಿಗೆ ಸೇರಿಸಿ: "ಮೂರು ಹನಿ ಸಾಕು. ಮಲಗುವ ಅರ್ಧ ಗಂಟೆ ಮುಂಚೆ, ಒದ್ದೆ ಮುಖಕ್ಕೆ ಹಚ್ಚಿ."