ಹಳೆ ಮನೆಯ ಆಸ್ಬೆಸ್ಟಾಸ್ ಸೈಡಿಂಗ್: ಕೀಳಿಸಬೇಕಾ, ಮುಚ್ಚಬೇಕಾ?

ಅಮೆರಿಕದಲ್ಲಿ 1980ಕ್ಕಿಂತ ಹಿಂದಿನ ಮನೆ ಕೊಂಡಿದ್ದೀರಾ? ಹೊರಗೋಡೆಗೆ ಹೊದಿಸಿದ ಸಿಮೆಂಟ್ ಹಲಗೆಗಳಲ್ಲಿ (ಇದನ್ನೇ ಸೈಡಿಂಗ್ ಅನ್ನೋದು) ಆಸ್ಬೆಸ್ಟಾಸ್ ಎಂಬ ನಾರುನಾರಾದ ಖನಿಜ ಇರಬಹುದು. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ, ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಇದೆ ಅಂತ ಗೊತ್ತಾದರೂ ಗಾಬರಿ ಬೇಡ: ಹಲಗೆ ಗಟ್ಟಿಯಾಗಿದ್ದರೆ ನಾರು ಸಿಮೆಂಟಿನೊಳಗೇ ಇರುತ್ತದೆ, ಒಡೆದಾಗ, ಕೊಯ್ದಾಗ, ಉಜ್ಜಿದಾಗ ಗಾಳಿಗೆ ಬಂದು ಶ್ವಾಸಕೋಶ ಸೇರುತ್ತದೆ. ಅದಕ್ಕೇ ರಭಸವಾಗಿ ನೀರು ಚಿಮ್ಮಿಸಿ ತೊಳೆಯುವ ಪ್ರೆಶರ್ ವಾಷರ್ ಹಿಡಿಯಲೇಬೇಡಿ.

ಹಲಗೆ ಚೆನ್ನಾಗಿದ್ದರೆ ಬಣ್ಣ ಸಾಕು, ಇಲ್ಲವೇ ಫೋಮ್ ಬೋರ್ಡ್ ಹಾಕಿ ಮೇಲೆ ವಿನೈಲ್ (ಪ್ಲಾಸ್ಟಿಕ್) ಸೈಡಿಂಗ್ ಹೊದಿಸಿ. ಮೊಳೆ ಹೊಡೆಯುವ ಕೆಲಸ ಮಾತ್ರ ಇದರ ಅನುಭವ ಇರುವವರಿಗೇ ಬಿಡಿ. ನನ್ನ ಮಟ್ಟಿಗೆ ಮುಚ್ಚುವುದೇ ಮೇಲು. ಆದರೆ ಮಾರುವಾಗ ಒಳಗೇನಿದೆ ಅಂತ ಕೊಳ್ಳುವವರಿಗೆ ಹೇಳಿಬಿಡಿ, ಅವರ ಮನೆಯಲ್ಲೂ ಮಕ್ಕಳಿರುತ್ತಾರೆ ಅಲ್ವಾ.

ಹಲಗೆ ಪುಡಿಯಾಗುತ್ತಿದ್ದರೆ, ಹಿಂದಿನ ಮರ ಕೊಳೆತಿದ್ದರೆ ಕೀಳಿಸಿ, ಅದೂ ಲೈಸೆನ್ಸ್ ಇರುವವರಿಂದ. ಅವರು ನೀರು ಚಿಮುಕಿಸುತ್ತಾ ಹಲಗೆಗಳನ್ನು ಇಡಿಯಾಗಿಯೇ ಬಿಚ್ಚಬೇಕು.